ಕೋತ್ವಾಲನ ಎರಡನೇ ದಿನ

ನೀರು ಹೊರುವ ಯಹೂದಿ ಮೆನಶೆ ಹಬ್ಬದ ಪ್ರಾರ್ಥನೆಗೆ ಹೊರಟಿದ್ದ. ಊರಬಾಗಿಲಲ್ಲಿ ಕೋತ್ವಾಲ ಅಡ್ಡಗಟ್ಟಿದ. ಸುಲ್ತಾನರ ದೂತ ನಿನ್ನೆಯೋ ಇವತ್ತೋ ಬರಬೇಕಿತ್ತು. ಅವನನ್ನು ಎದುರುಗೊಳ್ಳಲು ಜರಿ ನಿಲುವಂಗಿ ತೊಟ್ಟು ಎರಡು ದಿನದಿಂದ ಬಿಸಿಲಲ್ಲಿ ನಿಂತು ಕೋತ್ವಾಲನ ತಲೆ ಕೆಟ್ಟಿತ್ತು.

“ನಿನ್ನೆಯೂ ಹಬ್ಬ, ಇವತ್ತೂ ಹಬ್ಬವೇನೋ? ಒಂದು ದಿನ ಸುಳ್ಳು. ಯಾವುದೆಂದು ಬೊಗಳು, ಇಲ್ಲ ನಿಮ್ಮ ಮಂದಿರಕ್ಕೆ ಬೀಗ ಜಡಿಸ್ತೇನೆ!”

ಮೆನಶೆ ಕೈಮುಗಿದ.

“ಜೆರುಸಲೇಮಿನಲ್ಲಿ ಹೊಸ ಚಂದ್ರ ಯಾವ ದಿನ ಕಂಡನೋ, ಸುದ್ದಿ ಬಂದಿಲ್ಲ ಹುಜೂರ್. ಹಬ್ಬದ ದಿನ ತಪ್ಪಬಾರದೆಂದು ಮೇಲಿರುವ ನಮ್ಮ ದೊರೆಯ ಮುಂದೆ ಎರಡೂ ದಿನ ನಿಲ್ತೇವೆ. ತಾವು ನಿಂತದ್ದರಲ್ಲಿ ಯಾವ ದಿನ ಸುಳ್ಳು?”

ಕೋತ್ವಾಲ ಖಾಲಿ ದಾರಿಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

“ಮೂರನೇ ದಿನ ಏನು ಮಾಡ್ತೀರೋ?”

“ಮನೆಗೆ ಹೋಗ್ತೇವೆ, ಹುಜೂರ್. ತಾವು?”