ಐವತ್ತೆರಡು ತಂಬಿಗೆ ಎಣ್ಣೆ

ತಾಯಿ ಶಾರದೆ ಯಾರಿಗೂ ಇಲ್ಲವೆನ್ನುವವಳಲ್ಲ. ಆದರೆ ಅವಸರದವರನ್ನು ಕಂಡರೆ ಅವಳಿಗೂ ಸ್ವಲ್ಪ ನಗು ಬರುತ್ತದೇನೋ. ಬೆಳ್ಳಿಕೆರೆಯ ಅರಸು ಸೋಮಭೂಪಾಲನನ್ನು ಕಂಡು ನಕ್ಕೇ ಇರಬೇಕು.

"ಗ್ರಹಣದ ಗಣಿತವನ್ನು ನಾನು ಒಂದೇ ದಿನದಲ್ಲಿ ಕಲಿತು ಬಿಸಾಡುತ್ತೇನೆ," ಎಂದು ಅವನು ಜಂಬ ಕೊಚ್ಚಿದ.

"ಬೇಡಿ ಪ್ರಭು, ದಿನಕ್ಕೊಂದು ಸೂತ್ರ ಸಾಕು," ಎಂದರು ಆಸ್ಥಾನದ ಗುರು ಅನಂತಭಟ್ಟರು. ರಾಜ ಕೇಳಲಿಲ್ಲ. ಸಂಜೆಯೊಳಗೆ ಇನ್ನೂರು ಸೂತ್ರ ಬಾಯಿಪಾಠ ಮಾಡಿದ. ಮರುವಾರ ಪಕ್ಕದ ರಾಜ್ಯದ ರಾಯಭಾರಿಯ ಮುಂದೆ ಬಾಯಿ ತೆರೆದರೆ ಆಕಳಿಕೆ ಬಂತೇ ಹೊರತು ಸೂತ್ರ ಬರಲಿಲ್ಲ.

"ಭಟ್ಟರು ಸರಿಯಾಗಿ ಹೇಳಿಕೊಟ್ಟಿಲ್ಲ. ನಾಳೆಯೇ ರಾಜ್ಯ ಬಿಟ್ಟು ಹೊರಡಲಿ," ಎಂದು ರಾಜ ಅಪ್ಪಣೆ ಮಾಡಿದ.

ಎಪ್ಪತ್ತರ ಮುದುಕರು, ಪಾಪ, ದೇವರ ಪೆಟ್ಟಿಗೆಗೆ ಹಗ್ಗ ಬಿಗಿಯತೊಡಗಿದರು.

ಆ ದಿನ ಶನಿವಾರ, ಅರಸನ ಎಣ್ಣೆಸ್ನಾನ. ವಿದೂಷಕ ಮಂಚಣ್ಣ ಬಚ್ಚಲಮನೆಗೆ ಬಂದು ಕೈಮುಗಿದ.

"ಪ್ರಭು, ವಾರವಾರ ಈ ತೊಂದರೆ ಯಾಕೆ? ವರ್ಷದ ಐವತ್ತೆರಡು ಸ್ನಾನದ ಎಣ್ಣೆಯನ್ನೂ ಇವತ್ತೇ ಹಚ್ಚಿಸಿಕೊಂಡುಬಿಡಿ. ಗಣಿತವನ್ನೇ ಒಂದು ದಿನದಲ್ಲಿ ನುಂಗಿದವರು ನೀವು."

"ಇದು ನನಗೇ ಹೊಳೆಯಬೇಕಿತ್ತು," ಎಂದ ರಾಜ.

ಎಣ್ಣೆ ತಿಕ್ಕುವ ದ್ಯಾವಪ್ಪ ತಂಬಿಗೆಯ ಮೇಲೆ ತಂಬಿಗೆ ಸುರಿದ. ಹತ್ತನೆಯದಕ್ಕೆ ರಾಜ ಮಣೆಯಿಂದ ಜಾರಿದ. ಇಪ್ಪತ್ತನೆಯದಕ್ಕೆ, ಎತ್ತಲು ಬಂದ ಮಂತ್ರಿಯೂ ಜಾರಿದ. ಐವತ್ತೆರಡನೆಯದಕ್ಕೆ ಇಬ್ಬರೂ ಕೈಕೈ ಹಿಡಿದು ಜಾರಿಕೊಂಡೇ ಹೊಸ್ತಿಲು ದಾಟಿ, ಅಂಗಳದ ತುಳಸಿಕಟ್ಟೆಗೆ ತಾಗಿ ನಿಂತರು. ದೇವರ ದಯೆ, ಕಟ್ಟೆ ಗಟ್ಟಿಯಾಗಿತ್ತು.

ಮಂಚಣ್ಣ ಮುಖ ಗಂಟಿಕ್ಕಿದ. "ನೋಡಿ, ಎಣ್ಣೆಯೆಲ್ಲ ಅಂಗಳದ ಪಾಲು. ದ್ಯಾವಪ್ಪ ಸರಿಯಾಗಿ ಹಚ್ಚಿಲ್ಲ. ನಾಳೆಯೇ ರಾಜ್ಯ ಬಿಟ್ಟು ಹೊರಡಲಿ."

"ಅವನೇನು ಮಾಡಿಯಾನಯ್ಯ?" ಎಂದ ರಾಜ. "ಮೈ ಒಂದು ಸಲಕ್ಕೆ ಎಷ್ಟು ಕುಡಿಯುತ್ತದೋ ಅಷ್ಟೇ. ಮಿಕ್ಕಿದ್ದು ಹರಿದು ಹೋಗುತ್ತದೆ."

"ಭಟ್ಟರದ್ದೂ ಅಷ್ಟೇ ತಪ್ಪು, ಪ್ರಭು. ತಲೆಯ ಹೊರಗೊಂದು ನ್ಯಾಯ, ಒಳಗೊಂದು ನ್ಯಾಯವೇ?"

ರಾಜನ ಮೀಸೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಿಕೊಳ್ಳುತ್ತಾ ಹೇಳಿದ: "ಭಟ್ಟರ ಪೆಟ್ಟಿಗೆ ಬಿಚ್ಚಿಸು. ದಿನಕ್ಕೊಂದೇ ಸೂತ್ರ ಹೇಳಿಕೊಡಲಿ, ಹಳೆಯದನ್ನೂ ಆಗಾಗ ಕೇಳುತ್ತಿರಲಿ. ಆದರೆ ಹೀಗೆ ಎಷ್ಟು ವರ್ಷ ಕಲಿಯಬೇಕೋ?"

"ಪ್ರಭುಗಳು ಎಣ್ಣೆಸ್ನಾನ ಯಾವ ವರ್ಷ ನಿಲ್ಲಿಸಬೇಕೆಂದಿದ್ದೀರಿ?"

ರಾಜ ಹೊಟ್ಟೆ ಹಿಡಿದು ನಕ್ಕ. ನಗುವ ಭರಕ್ಕೆ ಅವನ ಬೆರಳಿನ ರತ್ನದುಂಗುರ ತಾನಾಗಿ ಜಾರಿ ಮಂಚಣ್ಣನ ಅಂಗೈಗೆ ಬಿತ್ತು. "ಇಟ್ಟುಕೋ," ಎಂದ ರಾಜ. ಮಂಚಣ್ಣ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡ.