ಹುಚ್ಚೀರಪ್ಪನ ಏಳು ಎಳೆ

ಬಲು ಹಿಂದೆ, ಕೋಳಿಗಿಂತ ಮೊದಲು ಮಗ್ಗ ಕೂಗುತ್ತಿದ್ದ ಒಂದು ಊರಿನಲ್ಲಿ ಹುಚ್ಚೀರಪ್ಪ ಎಂಬ ಬಣ್ಣಗಾರನಿದ್ದನಂತೆ. ನೂಲಿಗೆ ಕೆಂಪು ಹಾಕುವುದು ಅವನ ಕಸುಬು. ಕೆಂಪಿನಲ್ಲೇ ಅವನಿಗೆ ನಲವತ್ತು ಬಗೆ ಕಾಣುತ್ತಿದ್ದವಂತೆ. ಅವನ ಹೆಂಡತಿಗೆ ಎರಡೇ: ನೂಲಿನ ಮೇಲಿನ ಕೆಂಪು, ಗಂಡನ ಧೋತರದ ಮೇಲಿನ ಕೆಂಪು.

ಅದೇ ಊರಿನ ರಾಚವ್ವನ ಸೊಸೆ ಬಾಳವ್ವ ಐದು ತಿಂಗಳ ಬಸುರಿ. ಜೋಳ ಬೀಸುತ್ತ ಬೀಸುತ್ತ ಕಲ್ಲಿನ ಮೇಲೆಯೇ ತೂಕಡಿಸುತ್ತಿದ್ದಳಂತೆ. ಮೈಗಳ್ಳತನ ಎಂದಳು ಅತ್ತೆ. ಕೆಟ್ಟ ರಕ್ತ ಹೆಚ್ಚಾಗಿದೆ, ಸೋಮವಾರ ಹತ್ತು ಜಿಗಣೆ ಹಚ್ಚೋಣ ಎಂದ ಜಿಗಣೆ ಹಚ್ಚಿ ರಕ್ತ ತೆಗೆಯುವ ಮಲಕಪ್ಪ.

ಶನಿವಾರ ಬಾಳವ್ವ ಹುಚ್ಚೀರಪ್ಪನಲ್ಲಿಗೆ ನೂಲು ಒಯ್ಯಲು ಬಂದಳು. ಲಡಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಹುಚ್ಚೀರಪ್ಪ ನೂಲು ನೋಡಲಿಲ್ಲ, ಅವಳ ಬೆರಳು ನೋಡಿದ. ಬಿಸಿಲು ಬೆರಳು ದಾಟಿದರೆ ಕೆಂಪಾಗಬೇಕು. ಇಲ್ಲಿ ಅಕ್ಕಿ ತೊಳೆದ ನೀರಿನ ಬಣ್ಣ. ಇವಳಲ್ಲಿ ರಕ್ತವೇ ಇಲ್ಲ, ಜಿಗಣೆ ಹಚ್ಚಿದರೆ ಎರಡು ಜೀವ ಹೋಗುತ್ತವೆ ಎಂದು ಅವನು ರಾಚವ್ವನ ಮನೆಗೆ ಓಡಿದನಂತೆ.

"ಬೆರಳು ಕೊಯ್ದು ನೋಡಿದೇನ?" ಎಂದಳು ರಾಚವ್ವ.

"ಬಣ್ಣ ಹೇಳಾಕ ಸೀರಿ ಹರೀಬೇಕೇನಬೇ?"

ಹಾಗಾದರೆ ಊರ ಮುಂದೆ ತೋರಿಸು ಎಂದಳಂತೆ.

ಸೋಮವಾರ ಬಣ್ಣದ ಮನೆಯಲ್ಲಿ ಊರು ನೆರೆಯಿತು. ಮಬ್ಬಿನೊಳಗೆ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲಕೋಲು. ಅದರ ಪಕ್ಕ ಹುಚ್ಚೀರಪ್ಪ ಏಳು ಎಳೆ ಕಟ್ಟಿದ್ದ. ಒಂದನೆಯದು ಕಡುಕೆಂಪು, ಏಳನೆಯದು ಹೆಸರಿಗಷ್ಟೇ ಕೆಂಪು. ಬಿಸಿಲಕೋಲಿಗೆ ಹಿಡಿದ ಗರಡಿಯ ಪೈಲ್ವಾನನ ಬೆರಳಿನ ಬಣ್ಣ ಎರಡನೆಯ ಎಳೆಗೆ ಕೂಡಿತು. ಬಾಳವ್ವನದು ಒಂದನೆಯದನ್ನೂ ಮೀರಿ ಹೊಳೆಯಿತಂತೆ! ಊರು ಹೋ ಎಂದು ನಕ್ಕಿತು. ಮಲಕಪ್ಪ ಜಿಗಣೆಯ ಮಡಕೆಯ ಬಾಯಿ ಬಿಚ್ಚಿದ.

ಹುಚ್ಚೀರಪ್ಪ ಹತ್ತಿರ ಬಂದ. ಮತ್ತೆ ನೋಡಿದ. ಅದು ರಕ್ತದ ಕೆಂಪಲ್ಲ, ಎಲೆಯ ಕೆಂಪು, ನಲವತ್ತರಲ್ಲಿ ಹದಿನೆಂಟನೆಯದು. ಸೊಸೆಯ ಕಳ್ಳಾಟ ಬಯಲಾಗಲೆಂದು ರಾಚವ್ವ ಹಿಂದಿನ ದಿನ ಎಂದೂ ಇಲ್ಲದ ಅಕ್ಕರೆಯಿಂದ ಅವಳ ಬೆರಳಿಗೆ ಗೋರಂಟಿ ಮೆತ್ತಿದ್ದಳಂತೆ.

"ಕಿವಿಗೆ ಹಚ್ಚೂದು ಮರತೀಯಲ್ಲಬೇ" ಎಂದು ಅವನು ರಾಚವ್ವನಿಗೆ ಹೇಳಿ, ಬಾಳವ್ವನನ್ನು ಬಿಸಿಲಕೋಲಿಗೆ ಕಿವಿಯೊಡ್ಡಿ ನಿಲ್ಲಿಸಿದ. ಅದರ ಮುಂದೆ ಏಳನೆಯ ಎಳೆಯೇ ಕೆಂಪಾಗಿ ಕಂಡಿತು. ಆಮೇಲೆ ರಾಚವ್ವನ ಕಿವಿ ನೋಡಿದರೆ, ಒಂದನೆಯ ಎಳೆ! ಬಿಚ್ಚಿದ ಮಡಕೆ ಸುಮ್ಮನೆ ಮುಚ್ಚಬಾರದೆಂದು ಮಲಕಪ್ಪ ಅವಳತ್ತ ತಿರುಗಿದ. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದವರನ್ನು ಊರು ಅದುವರೆಗೆ ಕಂಡಿರಲಿಲ್ಲವಂತೆ.

ಅಂದಿನಿಂದ ಮೊದಲ ರೊಟ್ಟಿ, ನುಗ್ಗೆಸೊಪ್ಪು, ಹುರುಳಿ ಎಲ್ಲ ಬಾಳವ್ವನಿಗೆ. ಬೀಸುವ ಕಲ್ಲು ರಾಚವ್ವನಿಗೆ. ಬಾಳವ್ವನ ಕಿವಿಯ ಬಣ್ಣ ಮೂರನೆಯ ಎಳೆಗೆ ಬಂದ ವಾರವೇ ಹೆರಿಗೆಯಾಯಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಇಂದಿಗೂ ಆ ಊರಿನಲ್ಲಿ ಬಸುರಿ ಸೊಸೆ ಉಂಡ ಮೇಲೆಯೇ ಅತ್ತೆ ತಟ್ಟೆ ಹಾಕಿಕೊಳ್ಳುವುದು. ಮರೆತ ಅತ್ತೆಗೆ ಯಾರೂ ಬುದ್ಧಿ ಹೇಳುವುದಿಲ್ಲ. ನೆರೆಯವರು ಅವಳ ಬಾಗಿಲ ಮುಂದೆ ಬಂದು, ಸುಮ್ಮನೆ ಬಿಸಿಲಿಗೆ ಕಿವಿಯೊಡ್ಡಿ ನಿಲ್ಲುತ್ತಾರೆ.