ಸುಬೇದಾರನ ಮದ್ದಿನ ತೂಕ

“ಗುರುಗಳೇ, ಕುಡಿತ ಬಿಡು ಎಂದು ತಮ್ಮನಿಗೆ ಹೇಳುತ್ತಲೇ ಇದ್ದೇನೆ. ಮೆತ್ತಗೆ ಹೇಳುತ್ತಿದ್ದಾಗ ತಲೆ ತಗ್ಗಿಸಿಕೊಂಡಾದರೂ ಕೇಳುತ್ತಿದ್ದ. ದನಿ ಏರಿಸಿದ ಮೇಲೆ ಮನೆಗೇ ಬರುತ್ತಿಲ್ಲ. ಇನ್ನೆಷ್ಟು ಗಟ್ಟಿಯಾಗಿ ಹೇಳಲಿ?” ಎಂದು ಶಿಷ್ಯ ಮರುಳಪ್ಪ ಕೇಳಿದ. ತಮ್ಮ ಕೈತಪ್ಪಿ ಹೋಗುತ್ತಾನೆಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸುಬೇದಾರನಿದ್ದ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಅವನಿಗೆ ರಿವಾಲ್ವರಿನ ಹುಚ್ಚು ಬಿಟ್ಟಿರಲಿಲ್ಲ. ಅಂಗಡಿಯ ತೋಟಾ ಹಿಡಿಸುತ್ತಿರಲಿಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡುಗಳನ್ನು ತಾನೇ ಎರಕ ಮಾಡುತ್ತಿದ್ದ. ಸುಕ್ಕು ಬಿದ್ದದ್ದು ಮತ್ತೆ ಬಾಣಲೆಗೆ. ಸಿಡಿಮದ್ದನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ತುಂಬುತ್ತಿದ್ದ. ಮೊದಲು ಕಡಿಮೆ ಮದ್ದು, ಗುರಿಹಲಗೆಗೆ ಐದು ಗುಂಡು. ಹಲಗೆಯ ಹತ್ತಿರ ಹೋಗಿ ನೋಡುವುದು. ಆಮೇಲೆ ತುಸುವೇ ಹೆಚ್ಚು, ಮತ್ತೆ ಐದು ಗುಂಡು. ಹೀಗೇ ಒಂದು ತಿಂಗಳಾಯಿತು. ಕೊನೆಗೊಂದು ತೂಕಕ್ಕೆ ಐದೂ ತೂತುಗಳು ಒಂದು ನಿಪ್ಪಟ್ಟಿನಿಂದ ಮುಚ್ಚಬಹುದಾದಷ್ಟು ಹತ್ತಿರ ಬಿದ್ದವು. ಆ ತೂಕವನ್ನು ಗೋಡೆಯ ಮೇಲೆ ಬರೆದಿಟ್ಟ.

ಆ ವರ್ಷ ಜಿಲ್ಲೆಯ ಗುರಿಪಂದ್ಯವಿತ್ತು. ಅರವತ್ತು ತುಂಬಿದವರನ್ನು ಸೇರಿಸುತ್ತಿರಲಿಲ್ಲ. ಇವನಿಗೆ ಐವತ್ತೊಂಬತ್ತು. ಜೀವನದಲ್ಲಿ ಒಮ್ಮೆಯೂ ಗೆದ್ದವನಲ್ಲ; ಈ ಸಲ ಬಿಟ್ಟರೆ ಇನ್ನಿಲ್ಲ.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಮೈದಾನಕ್ಕೆ ಅಭ್ಯಾಸಕ್ಕೆ ಹೋದ. ಪಕ್ಕದವನ ರಿವಾಲ್ವರ್ ಗುಡುಗಿದರೆ ಇವನದು ಬಾಗಿಲಿಗೆ ಅಗುಳಿ ಹಾಕಿದಷ್ಟೇ ಸದ್ದು. ನಿಮ್ಮ ರಿವಾಲ್ವರಿಗೆ ನೆಗಡಿಯೇ ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಅವನ ಹಲಗೆಯ ಕಡೆ ಯಾರೂ ನೋಡಲಿಲ್ಲ. ಸುಬೇದಾರನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಮದ್ದು ಹೆಚ್ಚಿಸಿದ.

ಮರುದಿನ ಸದ್ದು ಜೋರಾಯಿತು, ಜನ ತಿರುಗಿ ನೋಡಿದರು. ಗುಂಡುಗಳು ಮಾತ್ರ ದಿಕ್ಕಾಪಾಲಾದವು. ಬಲ ಸಾಲದೆಂದುಕೊಂಡು ಇನ್ನಷ್ಟು ತುಂಬಿದ. ಮೂರನೆಯ ದಿನ ಎರಡು ಗುಂಡು ಹಲಗೆಯನ್ನೇ ಮುಟ್ಟಲಿಲ್ಲ.

ಕೋವಿ ರಿಪೇರಿ ಮಾಡುವ ಮುದುಕನ ಬಳಿಗೆ ಓಡಿದ. ನಳಿಗೆ ಸವೆದಿದೆ, ಅಚ್ಚು ಕೆಟ್ಟಿದೆ ಎಂದೆಲ್ಲ ದೂರಿದ. ಮುದುಕ ನಳಿಗೆಯೊಳಗೆ ತಂತಿಯ ಕುಂಚ ತೂರಿಸಿ ಎಳೆದ. ಸೀಸದ ಚೂರುಗಳು ಕಾಗದದ ಮೇಲೆ ಉದುರಿದವು.

“ಸೀಸ ಮೆತ್ತಗಿನದು, ಸುಬೇದಾರರೇ. ಮಿತಿ ಮೀರಿ ನೂಕಿದರೆ ನಳಿಗೆಗೇ ಬಳಿದುಕೊಳ್ಳುತ್ತದೆ. ಹಿಂದೆ ಬರುವ ಗುಂಡು ನೆಟ್ಟಗೆ ಹೋಗುವುದಿಲ್ಲ. ಮೊದಲಿನ ತೂಕ ಸರಿಯಾಗಿತ್ತಲ್ಲ, ಯಾಕೆ ಬಿಟ್ಟಿರಿ?”

“ಅದರಲ್ಲಿ ಸದ್ದಿರಲಿಲ್ಲ,” ಎಂದ ಸುಬೇದಾರ. ಹೇಳಿದ ಮೇಲೆ ನಾಚಿಕೆಯಾಯಿತು.

ಪಂದ್ಯದ ದಿನ ಹಳೆಯ ತೂಕಕ್ಕೇ ತೋಟಾ ತುಂಬಿಕೊಂಡು ಹೋದ. ನಳಿಗೆ ಶುಭ್ರವಾಗಿತ್ತು, ಗುಂಡುಗಳೂ ಚೆನ್ನಾಗಿದ್ದವು. ಆದರೆ ಹೆಚ್ಚು ಮದ್ದಿನ ಎರಡು ದಿನದ ಒದೆತಕ್ಕೆ ಕೈ ಬೆಚ್ಚುವುದನ್ನು ಕಲಿತುಬಿಟ್ಟಿತ್ತು. ರಿವಾಲ್ವರಿನ ಕುದುರೆ ಎಳೆಯುವ ಮೊದಲೇ ಮಣಿಕಟ್ಟು ಅಲುಗಿತು. ಸುಬೇದಾರ ಸೋತ.

ಕತೆ ಮುಗಿಸಿ ಗುರುಗಳು ಮರುಳಪ್ಪನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

“ನೀನು ದನಿ ಏರಿಸಿದ ದಿನ ಸುತ್ತ ಎಷ್ಟು ಜನ ನಿಂತಿದ್ದರು?” ಎಂದರು.